ವಿಧವೆಯ ಎಣ್ಣೆಯೂ ಮಕ್ಕಳ ಸಾಲವೂ

(2 ಅರಸುಗಳು 4ನೇ ಅಧ್ಯಾಯ, 1ರಿಂದ 7ನೇ ವಚನಗಳು)



ಎಲೀಷನ ಬಳಿಗೆ ಬಂದು ಮೊರೆಯಿಟ್ಟ ವಿಧವೆಯ ಸಂಗತಿಯನ್ನು ನೀವೆಲ್ಲರೂ ಬಲ್ಲಿರಿ. ಆಕೆಯ ಗಂಡನು ದೇವರಿಗೆ ಭಯಪಡುವವನಾಗಿದ್ದನೆಂಬದನ್ನು ಪ್ರವಾದಿಯೂ ತಿಳಿದಿದ್ದನು. ಆದರೂ ಅವನು ಸತ್ತಾಗ ಮನೆಯಲ್ಲಿ ಉಳಿದದ್ದು ಒಂದು ಮೊಗೆ ಎಣ್ಣೆಯೂ ತೀರದ ಸಾಲವೂ ಮಾತ್ರ. ಸಾಲ ಕೊಟ್ಟವನು ಇಬ್ಬರು ಗಂಡುಮಕ್ಕಳನ್ನು ದಾಸರನ್ನಾಗಿ ಒಯ್ಯುವದಕ್ಕೆ ಬಂದನು. ತಂದೆಯು ಭಕ್ತನೆಂದು ಸಾಲವು ಮಕ್ಕಳನ್ನು ಬಿಡಲಿಲ್ಲ.

ಈ ಅದ್ಭುತವನ್ನು ಓದುವವರು ಎಣ್ಣೆಯನ್ನೇ ನೋಡುತ್ತಾರೆ. ಅದರ ಕ್ರಮವನ್ನು ನೋಡುವವರು ಕೊಂಚ ಜನ. ಪ್ರವಾದಿಯು ಮೊದಲು ಕೇಳಿದ್ದು ಮನೆಯಲ್ಲಿ ಏನಿದೆಯೆಂದು. ಎಣ್ಣೆ ತುಂಬಿದ ಮೇಲೆ ಅದನ್ನು ಮಾರಿ ಮೊದಲು ಸಾಲ ತೀರಿಸಬೇಕೆಂದೂ ಉಳಿದದ್ದರಿಂದ ಆಕೆಯೂ ಮಕ್ಕಳೂ ಜೀವಿಸಬೇಕೆಂದೂ ಹೇಳಿದನು. ಹಬ್ಬ ಮಾಡೆಂದು ಹೇಳಲಿಲ್ಲ.

ನಮ್ಮ ಮನೆಗಳಲ್ಲಿ ಮಗನು ಸಂಬಳ ತರಲಾರಂಭಿಸಿದ ಕೂಡಲೆ ನಾವು ಕೊಡುವ ಬುದ್ಧಿಮಾತು ಏನು? ಮದುವೆ ಮಾಡಿಕೋ, ಮನೆ ಕಟ್ಟು ಎಂಬದೇ. ಎರಡಕ್ಕೂ ಸಾಲ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಾದರೆ ವರುಷಕ್ಕೆ 36 ರೂಪಾಯಿ ಆಗುವದು. ಮೂರು ವರುಷ ತುಂಬುವದಕ್ಕೆ ಮೊದಲೇ ಬಡ್ಡಿಯು ಅಸಲನ್ನು ಮೀರುವದು. ಮದುವೆಯ ಊಟದ ಎಲೆಗಳನ್ನು ಎಣಿಸುವಷ್ಟು ಜಾಗ್ರತೆಯಿಂದ ಇದನ್ನು ಎಣಿಸಿದ ತಂದೆಯನ್ನು ನಾನು ಅಪರೂಪವಾಗಿ ಕಂಡಿದ್ದೇನೆ. ಅದೇ ಲೆಕ್ಕವು ನಮ್ಮ ಪಕ್ಷಕ್ಕೂ ನಡೆಯುವದು. 1,000 ರೂಪಾಯಿಯನ್ನು ನೂರಕ್ಕೆ 7ರ ಚಕ್ರಬಡ್ಡಿಗೆ ಮುಟ್ಟದೆ ಇಟ್ಟರೆ ಹತ್ತು ವರುಷದಲ್ಲಿ ಸುಮಾರು 1,967 ರೂಪಾಯಿ ಆಗುವದು. ಆದದರಿಂದ ಮಗನಿಗೆ ಮೊದಲು ಸಾಲ ತೀರಿಸೆಂದು ಹೇಳಿರಿ. ಅನಂತರ ಪ್ರತಿ ತಿಂಗಳು ಸ್ವಲ್ಪವಾದರೂ ಇಡೆಂದು ಹೇಳಿರಿ. ಐಗುಪ್ತದಲ್ಲಿ ಯೋಸೇಫನು ಸುಭಿಕ್ಷದ ಏಳು ವರುಷಗಳಲ್ಲಿ ಐದರಲ್ಲೊಂದು ಪಾಲನ್ನು ಕೂಡಿಸಿಟ್ಟನು. ಕೂಲಿಯವನಿಗೆ ಐದರಲ್ಲೊಂದು ಕಷ್ಟವೇ, ಇಪ್ಪತ್ತರಲ್ಲೊಂದಾದರೂ ಆಗಲಿ.

ಎಲ್ಲಿ ಇಡಬೇಕೆಂದು ಕೇಳುವಿರಿ. ಅಂಚೆಕಚೇರಿಯ ಉಳಿತಾಯ ಬ್ಯಾಂಕು 1882ರಿಂದ ಈ ದೇಶದಲ್ಲಿದೆ. 1968ರಲ್ಲಿ ಆರಂಭವಾದ ಸಾರ್ವಜನಿಕ ಭವಿಷ್ಯನಿಧಿಯಲ್ಲಿ ವರುಷಕ್ಕೆ 500 ರೂಪಾಯಿಯಿಂದ ಕಟ್ಟಬಹುದು. ಅವಧಿ 15 ವರುಷ. ಖಾತೆದಾರನ ಸಾಲದ ನಿಮಿತ್ತ ನ್ಯಾಯಾಲಯವು ಆ ಹಣವನ್ನು ಜಪ್ತಿಮಾಡಲಾರದೆಂಬದು ಅದರ ನಿಯಮ. ಆ ವಿಧವೆಯ ಬಾಗಲಿಗೆ ಬಂದವನನ್ನು ನೆನಸಿಕೊಂಡರೆ ಇದರ ಬೆಲೆ ತಿಳಿಯುವದು. ಸಹಕಾರ ಸಂಘವನ್ನೂ ಅಲಕ್ಷ್ಯ ಮಾಡಬೇಡಿರಿ. ಜರ್ಮನಿಯಲ್ಲಿ ಪ್ರೊಟೆಸ್ಟಂಟ್ ಕ್ರೈಸ್ತನಾದ ರೈಫೈಸನನು ಬಡ್ಡಿಯಲ್ಲಿ ಮುಳುಗಿದ ಒಕ್ಕಲಿಗರಿಗಾಗಿ 1864ರಲ್ಲಿ ಸಾಲಸಂಘವನ್ನು ಕಟ್ಟಿದನು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಅಂಥ ಸಂಘವು 1905ರಲ್ಲಿಯೇ ಹುಟ್ಟಿತು. ಆದರೆ ಸಂಘದ ಲೆಕ್ಕವನ್ನು ಓದಿ ನೋಡದೆ ಹಣ ಕೊಡಬಾರದು. ಎರಡು ವರುಷದಲ್ಲಿ ಇಮ್ಮಡಿ ಕೊಡುವೆನೆಂದು ಬರುವವನು ಪ್ರಾರ್ಥನೆ ಮಾಡಿ ಮಾತು ಆರಂಭಿಸಿದರೂ ಅವನಿಗೆ ಕೊಡಬಾರದು.

ಜ್ಞಾನೋಕ್ತಿಗಳ 6ನೇ ಅಧ್ಯಾಯದಲ್ಲಿ ಇರುವೆಯ ಮಾತಿಗಿಂತ ಮೊದಲು ಜಾಮೀನಿನ ಮಾತು ಬರುತ್ತದೆ. ಭಾವಮೈದುನನಿಗಾಗಿ ಹೆಬ್ಬೆಟ್ಟು ಒತ್ತಿ ಹೊಲವನ್ನು ಕಳಕೊಂಡ ಮನೆಗಳು ನಮ್ಮ ಸಭೆಗಳಲ್ಲಿ ಇಲ್ಲವೋ?

ಇನ್ನೊಂದು ಮಾತು ಹೇಳುವದು ನನಗೆ ಸುಲಭವಲ್ಲ. ಮಕ್ಕಳು ತಂದೆತಾಯಿಗಳಿಗಾಗಿ ಕೂಡಿಸುವದಕ್ಕಿಂತ ತಂದೆತಾಯಿಗಳು ಮಕ್ಕಳಿಗಾಗಿ ಕೂಡಿಸತಕ್ಕದ್ದೆಂದು ಪೌಲನು ಕೊರಿಂಥದವರಿಗೆ ಬರೆದನು. ಕೊರ್ಬಾನ್ ಎಂದು ಹೇಳಿ ತಂದೆತಾಯಿಗಳನ್ನು ಕೈಬಿಟ್ಟವರನ್ನು ಕರ್ತನು ಗದರಿಸಿದ್ದೂ ನಿಜವೇ. ಆದಕಾರಣ ಮಗನಿಂದ ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿ ತೆಗೆದುಕೊಳ್ಳಿರಿ; ನಮ್ಮ ಮಾನಕ್ಕಾಗಿ ಸಾಲ ಮಾಡೆಂದು ಅವನನ್ನು ಒತ್ತಾಯಪಡಿಸಬೇಡಿರಿ. ಮಗಳ ಸಂಬಳವು ಮಗಳ ಹೆಸರಿನಲ್ಲಿಯೇ ಇರಲಿ.

ಬಾಗಲು ಮುಚ್ಚಿಕೊಂಡು ಎಣ್ಣೆ ಹೊಯ್ಯೆಂದು ಪ್ರವಾದಿಯು ಹೇಳಿದನು. ನೀವೂ ಜಗಲಿಯಲ್ಲಿ ನಾಲ್ಕು ಜನರ ಮುಂದೆ ಮಗನಿಗೆ ಬುದ್ಧಿ ಹೇಳದೆ ರಾತ್ರಿಯ ಪ್ರಾರ್ಥನೆಯಾದ ಮೇಲೆ ಬಾಗಲು ಮುಚ್ಚಿರಿ. ನಿಮ್ಮ ಸಾಲಪತ್ರಗಳನ್ನೂ ಉಳಿತಾಯದ ಪುಸ್ತಕವನ್ನೂ ಹೊಲದ ಕಾಗದಗಳನ್ನೂ ಅವನ ಮುಂದೆ, ಅವನ ತಾಯಿಯ ಮುಂದೆಯೂ, ಇಡಿರಿ. ನಾಚಿಕೆಯಾಗುವದು, ಆ ವಿಧವೆಗೂ ಆಗಿದ್ದೀತು. ಆಕೆಯ ಮಕ್ಕಳು ಒಂದೊಂದೇ ಪಾತ್ರೆಯನ್ನು ತಂದುಕೊಡುತ್ತಾ ಎಣ್ಣೆಯ ಅಳತೆಯನ್ನು ತಮ್ಮ ಕಣ್ಣಾರೆ ಕಂಡರು.