ಆಲಿಸುವವರನ್ನು ಆಲಿಸುವವರು ಯಾರು?



ಆಪ್ತಸಮಾಲೋಚನೆ ಕಲಿತ ಇಪ್ಪತ್ತಮೂರರ ಹುಡುಗಿಯೊಬ್ಬಳು ಕಲ್ಯಾಣದುರ್ಗದ ಕಡೆಯ ಹಳ್ಳಿಗಳಲ್ಲಿ ಕೆಲಸಕ್ಕೆ ಸೇರಿದ್ದಾಳೆ ಎಂದುಕೊಳ್ಳೋಣ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿದ ಮನೆ. ಸಾಲಕ್ಕೆ ಅಂಜಿ ಯಜಮಾನ ಪ್ರಾಣ ಕಳೆದುಕೊಂಡಿದ್ದಾನೆ. ಹೆಂಡತಿ ‘ಎದೆ ಭಾರ’ ಎನ್ನುತ್ತಾಳೆ, ಅತ್ತೆ ‘ಗಾಳಿ ಸೋಕಿದೆ’ ಎನ್ನುತ್ತಾಳೆ. ಅಳು ಕನ್ನಡದಲ್ಲಿ, ಬರೆಯಬೇಕಾದ ದಾಖಲೆ ತೆಲುಗಿನಲ್ಲಿ, ಅವಳು ಓದಿದ ಪುಸ್ತಕ ಇಂಗ್ಲಿಷಿನಲ್ಲಿ. ದಿನವೂ ಇಂತಹ ಮನೆಗಳು. ಸಂಜೆ ಹಿಂದೂಪುರದ ಬಸ್ಸು ಹತ್ತುವಾಗ ತನ್ನ ಎದೆಯ ಭಾರವನ್ನು ಅವಳು ಯಾರ ಬಳಿ ಇಳಿಸಬೇಕು?

‘ಸೇವೆ ಎಂದ ಮೇಲೆ ಶಿಲುಬೆ ಇದ್ದದ್ದೇ’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ನಮ್ಮ ಶಿಲುಬೆಯನ್ನು ನಾವು ಹೊರುವುದು ಬೇರೆ. ಇನ್ನೊಬ್ಬರ ಹೆಗಲಿಗೆ ಹೊರಿಸಿ ಅದನ್ನು ತ್ಯಾಗವೆಂದು ಹೊಗಳುವುದು ಬೇರೆ. ಯೇಸುಸ್ವಾಮಿ ಪ್ರೇಷಿತರನ್ನು ಒಂಟಿಯಾಗಿ ಕಳುಹಿಸಲಿಲ್ಲ, ಇಬ್ಬಿಬ್ಬರನ್ನಾಗಿ ಕಳುಹಿಸಿದರು. ಮರಳಿ ಬಂದವರು ಹೇಳಿದ್ದನ್ನೆಲ್ಲ ಕೇಳಿದರು. ಬಳಿಕ ಏಕಾಂತಕ್ಕೆ ಕರೆದು ದಣಿವಾರಿಸಿಕೊಳ್ಳುವಂತೆ ಹೇಳಿದರು (ಮಾರ್ಕ, ಅಧ್ಯಾಯ 6). ಜೊತೆಗಾರರು, ಕೇಳಿಸಿಕೊಳ್ಳುವ ಗುರು, ವಿಶ್ರಾಂತಿ: ಈ ಮೂರಿಲ್ಲದೆ ಕಳುಹಿಸುವುದು ನ್ಯಾಯವಲ್ಲ.

ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯೇ ಇದಕ್ಕೆ ದಾರಿ ತೋರಿಸಿದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿತು. ಕಲಿಸಿ ಕೈಬಿಡಲಿಲ್ಲ; ತಿಳಿಯದಿದ್ದಾಗ ಕೇಳಲು ಜಿಲ್ಲಾ ಮಟ್ಟದಲ್ಲಿ ಮನೋವೈದ್ಯರ ತಂಡವಿತ್ತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದಾಗ ಈ ಬಳ್ಳಾರಿ ಮಾದರಿಯೇ ಅದಕ್ಕೆ ತಳಹದಿಯಾಯಿತು.

ಒಂದು ಪ್ರಶ್ನೆ ಏಳಬಹುದು: ಕೇಳಿದ ಗುಟ್ಟನ್ನು ಮತ್ತೊಬ್ಬರಿಗೆ ಹೇಳಬಹುದೇ? ಪಾಪನಿವೇದನೆಯ ಮುದ್ರೆಯನ್ನು ಗುರುಗಳು ಯಾವ ಕಾರಣಕ್ಕೂ ಒಡೆಯುವಂತಿಲ್ಲ. ಆಪ್ತಸಮಾಲೋಚಕಿಯ ಗುಟ್ಟು ಆ ಬಗೆಯದಲ್ಲ. ಗುಟ್ಟು ಕಾಯಲು ತಾನೂ ಬದ್ಧರಾದ ಹಿರಿಯರ ಮುಂದೆ, ಹೆಸರು ಹೇಳದೆ, ‘ನಾನು ಆಡಿದ ಮಾತು ಸರಿಯೇ?’ ಎಂದು ಕೇಳುವುದು ದ್ರೋಹವಲ್ಲ. ನೊಂದವರಿಗೆ ತಪ್ಪು ಆಗದಿರಲೆಂಬ ಎಚ್ಚರ ಅದು. ಅದೇ ಕಥೆಯನ್ನು ಚರ್ಚಿನ ಅಂಗಳದಲ್ಲಿ ಹೇಳಿದರೆ ಮಾತ್ರ ದ್ರೋಹ.

ಧರ್ಮಕೇಂದ್ರದವರಾದ ನಾವು ಮಾಡಬಹುದಾದದ್ದು ಚಿಕ್ಕದೇ. ಭಾನುವಾರ ಪೂಜೆ ಮುಗಿದೊಡನೆ ಅವಳನ್ನು ತಡೆದು ನಮ್ಮ ಮನೆಯ ತೊಂದರೆ ಬಿಚ್ಚದಿರೋಣ. ಅದು ಅವಳ ವಿಶ್ರಾಂತಿಯ ದಿನ. ನಡುರಾತ್ರಿ ಸಂಕಟವಾದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡಬಹುದು. ಹಿರಿಯರ ಬಳಿ ಸಲಹೆಗೆಂದು ಅವಳು ಬೆಂಗಳೂರಿಗೋ ಅನಂತಪುರಕ್ಕೋ ಹೋಗಬೇಕಾದರೆ ಬಸ್ಸಿನ ಖರ್ಚು ನಾವು ಕೊಡೋಣ. ನಮ್ಮ ಅಜ್ಜಿಯರ ನೋವಿನ ಮಾತುಗಳ ಅರ್ಥವನ್ನು ಅವಳಿಗೆ ಹೇಳಿಕೊಡೋಣ. ಅದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ.

ಮೋಶೆಯ ಕೈಗಳು ಸೋತಾಗ ಆರೋನನೂ ಹೂರನೂ ಅವನನ್ನು ಕಲ್ಲಿನ ಮೇಲೆ ಕೂರಿಸಿ, ಹೊತ್ತು ಮುಳುಗುವವರೆಗೆ ಆ ಕೈಗಳನ್ನು ಎತ್ತಿ ಹಿಡಿದರು. ಸೋತೆಯೇಕೆ ಎಂದು ಅವರು ಕೇಳಲಿಲ್ಲ. ನಾವೂ ಕೇಳದಿರೋಣ.