ಹಳೆಯ ಕಬ್ಬಿಣದಂಗಡಿಯ ಸ್ಮರಣೆ

ತಾಲ್ಲೂಕು ಊರುಗಳ ಪೇಟೆಬೀದಿಯಲ್ಲಿ ಒಂದು ಕಾಲದಲ್ಲಿದ್ದ ಕಬ್ಬಿಣದಂಗಡಿಯ ಮಾತು ಬಂದರೆ ವಯಸ್ಸಾದವರ ಮುಖವು ಅರಳುವುದುಂಟು. ಹೊಸ್ತಿಲಲ್ಲಿ ಕಾಲಿಟ್ಟ ಕೂಡಲೆ ಎಣ್ಣೆ, ತುಕ್ಕು, ಹೊಸ ಗೋಣಿ, ತೆಂಗಿನ ನಾರಿನ ಹಗ್ಗ ಇವೆಲ್ಲವೂ ಬೆರೆತ ಒಂದು ವಾಸನೆ. ಒಳಗೆ ಮಬ್ಬುಗತ್ತಲೆ. ಗೋಡೆಯುದ್ದಕ್ಕೂ ಮರದ ಖಾನೆಗಳು. ಒಂದೊಂದು ಖಾನೆಯ ಮುಂಭಾಗಕ್ಕೂ ಒಳಗಿರುವ ವಸ್ತುವಿನ ಮಾದರಿಯನ್ನೇ ಬಿಗಿದಿರುವರು. ಇಲ್ಲೊಂದು ಚಿಲಕ, ಅಲ್ಲೊಂದು ಕೊಂಡಿ, ಮೇಲೊಂದು ಬಿಜಾಗರಿ, ಕೆಳಗೊಂದು ತಿರುಪುಮೊಳೆ. ಅಕ್ಷರವರಿಯದವನೂ ಬೆರಳು ತೋರಿಸಿ ತನಗೆ ಬೇಕಾದುದನ್ನು ಕೇಳಬಹುದಾಗಿತ್ತು. ಸೂರಿನಿಂದ ಬಾವಿಯ ರಾಟೆ, ಲಾಟೀನು, ಎತ್ತಿನ ಕೊರಳ ಗಂಟೆ ತೂಗುತ್ತಿದ್ದುವು. ಮೂಲೆಯಲ್ಲಿ ಹಾರೆ, ಗುದ್ದಲಿ, ಸಲಿಕೆ, ನೇಗಿಲಿನ ಕುಳ, ಗಾಡಿಯ ಚಕ್ರಕ್ಕೆ ಹಾಕುವ ಕಬ್ಬಿಣದ ಪಟ್ಟೆ. ನಡುವೆ ಗಾದಿಯ ಮೇಲೆ ಯಜಮಾನ. ಅವನೆದುರಿಗೆ ತಕ್ಕಡಿ, ಪಕ್ಕದಲ್ಲಿ ಉದ್ರಿಯ ಲೆಕ್ಕದ ಪುಸ್ತಕ.

ಈ ನೆನಪು ಹಿತವಾದುದು. ಆದರೆ ಹಿತವಾದುದೆಲ್ಲವೂ ನಿಜವೆ? ನೈಯಾಯಿಕರು ಜ್ಞಾನವನ್ನು ಅನುಭವ, ಸ್ಮೃತಿ ಎಂದು ಎರಡಾಗಿ ವಿಭಾಗಿಸಿ, ಸ್ಮೃತಿಯನ್ನು ಪ್ರಮಾಣಕೋಟಿಯಿಂದ ಹೊರಗಿಟ್ಟರು. ಹಿಂದೆ ಕಂಡುದು ಮನಸ್ಸಿನಲ್ಲಿ ಬಿಟ್ಟುಹೋದ ಸಂಸ್ಕಾರದಿಂದ ಅದು ಹುಟ್ಟುತ್ತದೆ. ಹೊಸದಾಗಿ ಯಾವುದನ್ನೂ ಸಿದ್ಧಪಡಿಸಲಾರದು. ಆದುದರಿಂದ ಹಳೆಯ ಅಂಗಡಿಯು ಒಳ್ಳೆಯದಾಗಿತ್ತೆಂಬ ಮಾತಿಗೆ ನೆನೆಯುವವನ ಪ್ರೀತಿಯೊಂದನ್ನೇ ಸಾಕ್ಷಿಯಾಗಿ ನಿಲ್ಲಿಸಲಾಗದು. ಅಲ್ಲಿ ಒಳ್ಳೆಯದು ಯಾವುದಿತ್ತು, ಯಾರ ಪಾಲಿಗಿತ್ತು ಎಂಬುದನ್ನು ವಿಚಾರಿಸಿಯೇ ತಿಳಿಯಬೇಕು.

ಮೊದಲು ಗುಣವನ್ನೇ ನೋಡೋಣ. ಆ ಅಂಗಡಿಯಲ್ಲಿ ಗಿರಾಕಿಯು ಏನನ್ನು ಕೇಳಿದರೂ ಯಜಮಾನನು ಕೊಡುವುದಕ್ಕೆ ಮುಂಚೆ ಒಂದು ಪ್ರಶ್ನೆ ಹಾಕುತ್ತಿದ್ದನು: “ಯಾತಕ್ಕಪ್ಪಾ ಇದು?” ಬಾಗಿಲಿಗೆಂದರೆ ಎಂಥ ಬಾಗಿಲು, ಹೊರಗಿನದೊ ಒಳಗಿನದೊ, ತೇಗವೊ ಮಾವೊ? ಮಾವಿನ ಹಲಗೆಗೆ ಇಷ್ಟು ದಪ್ಪನೆಯ ಮೊಳೆ ಹೊಡೆದರೆ ಸೀಳಿಹೋದೀತು, ಸಣ್ಣದನ್ನು ಒಯ್ಯಿ ಎನ್ನುವನು. ಹೊಸ ಬೀಗ ಬೇಕೆಂದು ಬಂದ ವೃದ್ಧೆಗೆ, “ಹಳೆಯದನ್ನು ಮೊದಲು ತಾರಮ್ಮ, ಎರಡು ಹನಿ ಎಣ್ಣೆ ಬಿಟ್ಟು ನೋಡೋಣ” ಎನ್ನುವನು. ಎರಡು ಮೊಳೆ ಬೇಕೆಂದವನಿಗೆ ಎರಡನ್ನೇ ಎಣಿಸಿ ಹಳೆಯ ಪತ್ರಿಕೆಯ ತುಂಡಿನಲ್ಲಿ ಕಟ್ಟಿಕೊಡುವನು. ಇಂದು ಪಾರದರ್ಶಕ ಹಾಳೆಯ ಪೊಟ್ಟಣದಲ್ಲಿ ಇಪ್ಪತ್ತು ಮೊಳೆಗಳು ಒಟ್ಟಿಗೆ ಬರುತ್ತವೆ. ಬೇಕಾದ ಎರಡನ್ನು ಬಡಿದ ಮೇಲೆ ಉಳಿದ ಹದಿನೆಂಟು ಗೂಡಿನಲ್ಲಿ ಬಿದ್ದು ತುಕ್ಕು ಹಿಡಿಯುತ್ತವೆ. ಆ ಪೊಟ್ಟಣಕ್ಕೆ ಬಾಯಿಲ್ಲ. ಅದು ಯಾತಕ್ಕೆಂದು ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಕೇಳಬೇಕಾದರೆ ವಿದ್ಯೆ ಬೇಕು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದಿತು. 1958ರಿಂದ ಮೊದಲುಗೊಂಡು ಸೇರು ಮಣಗಳ ಸ್ಥಾನದಲ್ಲಿ ಕಿಲೋಗ್ರಾಮು ನೆಲೆಗೊಂಡಿತು. ಆದರೆ ಬಡಗಿಯ ಬಾಯಲ್ಲಿ ಮೊಳೆಯು ಇಂದಿಗೂ ಇಂಚಿನ ಲೆಕ್ಕದಲ್ಲಿಯೇ ಇದೆ: ಎರಡು ಇಂಚಿನ ಮೊಳೆ ಅರ್ಧ ಕಿಲೋ ಕೊಡಿ ಎಂದೇ ಕೇಳುವನು. ಬೋಲ್ಟು ನಟ್ಟುಗಳ ಸಂಗತಿ ಇನ್ನೂ ತೊಡಕಿನದು. ಅರ್ಧ ಇಂಚಿನ ಬೋಲ್ಟಿನ ವ್ಯಾಸ 12.7 ಮಿಲಿಮೀಟರು, ಹೊಸ ಅಳತೆಯ 12 ಮಿಲಿಮೀಟರಿನ ನಟ್ಟು ಕಣ್ಣಿಗೆ ಅದಕ್ಕೆ ಒಪ್ಪುವಂತೆ ಕಂಡರೂ ಕೂಡದು. 1841ರಲ್ಲಿ ವಿಟ್ವರ್ತ್ ಎಂಬ ಆಂಗ್ಲ ಶಿಲ್ಪಿಯು ಗೊತ್ತುಪಡಿಸಿದ ತಿರುಪಿನ ಸುತ್ತಿಗೆ 55 ಅಂಶಗಳ ಕೋನ, ಮೆಟ್ರಿಕ್ ಸುತ್ತಿಗೆ 60 ಅಂಶಗಳದು. ಅಂಗಡಿಯಾತನಿಗೆ ವಿಟ್ವರ್ತನ ಹೆಸರು ತಿಳಿಯದಿದ್ದಿರಬಹುದು. ಆದರೆ ನಟ್ಟನ್ನು ಒಂದು ಸುತ್ತು ತಿರುಗಿಸುತ್ತಲೆ ಅದು ಹಿಡಿಯುವುದೊ ಹಿಡಿಯದೊ ಎಂಬುದು ಅವನ ಬೆರಳಿಗೆ ತಿಳಿಯುತ್ತಿತ್ತು. ಬಲವಂತದಿಂದ ತಿರುಗಿಸಿದರೆ ಎರಡೂ ಕೆಡುತ್ತವೆ. ಈ ಜ್ಞಾನಕ್ಕೆ ಅವನು ಬೆಲೆ ಕಟ್ಟುತ್ತಿರಲಿಲ್ಲ, ಬೆಲೆಯೆಲ್ಲ ಕಬ್ಬಿಣಕ್ಕೆ. ಹಣದ ದಾಸೋಹವನ್ನು ಕಂಡು ಕೊಂಡಾಡುವವರು ಅರಿವಿನ ಇಂಥ ದಾಸೋಹವನ್ನು ಗಮನಿಸುವುದು ಅಪರೂಪ.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಕಡಿಮೆ ಮಾರಿದುದು ಧರ್ಮಬುದ್ಧಿಯಿಂದಲ್ಲ. ಗಿರಾಕಿಯು ಮತ್ತೆ ಬರಲೆಂಬ ಲಾಭದೃಷ್ಟಿಯಿಂದಲೆ ಎಂದು ಕೆಲವರು ಹೇಳಬಹುದು. ಹಾಗೆಯೂ ಇದ್ದಿರಬಹುದು. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ನೆನೆಯಿರಿ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಾಗ ಲಕ್ಕಮ್ಮನವರು ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಿರುಗಿಸಿದರು. ಹಿಂದಿರುಗಿಸುವುದರಿಂದ ಅವರಿಗಾದ ಲಾಭ ಯಾವುದೂ ಇರಲಿಲ್ಲ. ಅಂಗಡಿಯಾತನಲ್ಲಿ ಆ ನಿಷ್ಠೆಯಿತ್ತೊ ಇಲ್ಲವೊ ಎಂಬುದನ್ನು ಅರಿಯುವ ಪರೀಕ್ಷೆಯೂ ಇದರಲ್ಲಿಯೇ ದೊರೆಯುತ್ತದೆ: ಮತ್ತೆಂದೂ ಬರಲಾರದ ದಾರಿಹೋಕನಿಗೂ ಅವನು “ಯಾತಕ್ಕೆ” ಎಂದು ಕೇಳಿದನೆ? ಕೇಳಿದವರು ಇದ್ದರು, ಕೇಳದವರೂ ಇದ್ದರು. ಅಂಗಡಿಯು ಹಳೆಯದಾದ ಮಾತ್ರಕ್ಕೆ ಗಾದಿಯ ಮೇಲೆ ಕುಳಿತವನು ಶರಣನಾಗುವುದಿಲ್ಲ.

ಇನ್ನು ದೋಷದ ಕಡೆಗೆ. ಪಕ್ಕದಲ್ಲಿದ್ದ ಉದ್ರಿಯ ಪುಸ್ತಕವನ್ನು ಹಿರಿಯರು ವಾತ್ಸಲ್ಯದ ಗುರುತೆಂದು ಸ್ಮರಿಸುವರು. ಸುಗ್ಗಿಯವರೆಗೆ ಕಾಯ್ದು ಹಣ ಪಡೆದವರು ಇದ್ದರೆಂಬುದು ನಿಜ. ಆ ಸಾಲಕ್ಕೆ ಬಡ್ಡಿ ಸೇರಿಸಿ, ಬೆಳೆ ಬಂದಾಗ ಕಣದಲ್ಲಿಯೇ ನಿಂತು ವಸೂಲು ಮಾಡಿದವರೂ ಇದ್ದರು. ಓದುಬಾರದವನಿಗೆ ಖಾನೆಯ ಮೇಲಿನ ಮಾದರಿಯು ಕಾಣುತ್ತಿತ್ತು, ಪುಸ್ತಕದೊಳಗಿನ ಅಂಕೆಯು ಕಾಣುತ್ತಿರಲಿಲ್ಲ.

ಅದಕ್ಕಿಂತಲೂ ಹೆಚ್ಚು ನೋಯಿಸುವ ವಿಷಯವೊಂದುಂಟು. ಅಂಗಡಿಯ ಮುಂದೆ ಮೂರು ಮೆಟ್ಟಿಲು. ಮೇಲೆ, ಗಾದಿಯ ಪಕ್ಕದಲ್ಲಿ, ಗಿರಾಕಿಗಳಿಗಾಗಿ ಒಂದು ಬೆಂಚು. ತಂದೆಯ ಬೆರಳು ಹಿಡಿದು ಬಂದು ಆ ಬೆಂಚಿನ ಮೇಲೆ ಕುಳಿತು, ಮೊಳೆಗಳನ್ನು ತೂಗುವುದನ್ನು ಕಣ್ಣರಳಿಸಿ ನೋಡಿದ ಬಾಲಕನೇ ಇಂದು ಮುದುಕನಾಗಿ ಅಂಗಡಿಯನ್ನು ಕೊಂಡಾಡುತ್ತಿರುವನು. ಅದೇ ಬೀದಿಯಲ್ಲಿ ಇನ್ನೊಬ್ಬ ಬಾಲಕನೂ ತಂದೆಯ ಬೆರಳು ಹಿಡಿದು ಬರುತ್ತಿದ್ದನು. ಅವನ ತಂದೆಗೆ ಉಳಿ, ರಂಪಿಗೆ ಬೇಕಾಗಿದ್ದುವು. ಬಹಳ ಊರುಗಳಲ್ಲಿ ಅವರು ಮೆಟ್ಟಿಲು ಹತ್ತುವಂತಿರಲಿಲ್ಲ. ಹಣವನ್ನು ಕೆಳಗಿನ ಕಲ್ಲಿನ ಮೇಲಿಟ್ಟು ದೂರ ಸರಿಯಬೇಕು. ವಸ್ತುವು ಮೇಲಿನಿಂದ ಬೀಳುವುದು. ಯಾತಕ್ಕೆ ಎಂಬ ಪ್ರಶ್ನೆಯೂ ಅವನಿಗಿಲ್ಲ, ಏಕೆಂದರೆ ಮಾತನಾಡಿಸುವುದೂ ಒಂದು ಬಗೆಯ ಮುಟ್ಟುವಿಕೆಯೇ ಅಲ್ಲವೆ? ಆ ಬಾಲಕನೂ ಇಂದು ಮುದುಕನು. ಅವನ ನೆನಪನ್ನು ಯಾರೂ ಕೇಳಿಲ್ಲ.

ಮಾದಾರ ಧೂಳಯ್ಯನವರೂ ಹರಳಯ್ಯನವರೂ ಹಿಡಿದ ಸಾಧನಗಳು ಅವೇ ಉಳಿ ರಂಪಿಗೆಗಳು. ನುಲಿಯ ಚಂದಯ್ಯನವರು ಹೊಸೆದುದು ಹಗ್ಗವನ್ನು. ಆ ಮಹಾತ್ಮರ ಭಾವಚಿತ್ರಕ್ಕೆ ಹೂವೇರಿಸುವ ಕೈಯೇ ಅವರ ಕಾಯಕದವನಿಗೆ ಅವನ ಸಾಧನವನ್ನು ಕೆಳಕ್ಕೆ ಎಸೆದುದುಂಟು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನವು ಹದಿನೈದನೆಯ ಅನುಚ್ಛೇದದಲ್ಲಿ ಅಂಗಡಿಗಳ ಹೆಸರನ್ನೇ ಹೇಳಿ, ಜಾತಿಯ ಕಾರಣದಿಂದ ಯಾರಿಗೂ ಪ್ರವೇಶಕ್ಕೆ ಅಡ್ಡಿಯಿರಬಾರದೆಂದು ವಿಧಿಸಿತು. ಬಾವಿ, ಕೆರೆ, ಸ್ನಾನಘಟ್ಟಗಳ ಸಾಲಿನಲ್ಲಿ ಅಂಗಡಿಯನ್ನೂ ಸೇರಿಸಿ ಬರೆಯಬೇಕಾಗಿ ಬಂದಿತೆಂದರೆ ಮೆಟ್ಟಿಲುಗಳು ಎಷ್ಟು ಎತ್ತರವಾಗಿದ್ದುವೆಂಬುದನ್ನು ವಾಚಕರೇ ಊಹಿಸಬೇಕು. ಶರಣರ ಕಾಲದ ಮೇಲೆ ಎಂಟು ಶತಮಾನ ಕಳೆದ ಬಳಿಕ ಆ ಮಾತನ್ನು ಕಾನೂನು ಹೇಳಬೇಕಾಯಿತು.

ಹಾಗಾದರೆ ನೆನಪನ್ನು ಬಿಟ್ಟುಬಿಡಬೇಕೆ? ಅದು ವಿವೇಕವಲ್ಲ. ಗಾಡಿಯ ಅಚ್ಚಿನ ತುದಿಗೆ ಸಿಕ್ಕಿಸುವ ಕಡೆಗೀಲು ಈ ಅಂಗಡಿಗಳಲ್ಲಿಯೇ ಸಿಗುತ್ತಿತ್ತು, ಬೆರಳುದ್ದದ ಕಬ್ಬಿಣ. ಜೇಡರ ದಾಸಿಮಯ್ಯನವರು ಶರಣರ ನುಡಿಯ ಮಹಿಮೆಯನ್ನು ತಿಳಿಸುವುದಕ್ಕೆ ಬೇರೆ ಯಾವ ದೊಡ್ಡ ವಸ್ತುವನ್ನೂ ಅರಸದೆ ಅದನ್ನೇ ದೃಷ್ಟಾಂತವಾಗಿ ಆರಿಸಿಕೊಂಡರು. ರಬ್ಬರಿನ ಚಕ್ರ ಬಂದ ಮೇಲೆ ಪಟ್ಟೆಯ ಗಾಡಿಯು ಅಪರೂಪವಾಯಿತು. ಪಟ್ಟೆಯನ್ನು ಕೆಂಪಗೆ ಕಾಯಿಸಿ ಚಕ್ರಕ್ಕೆ ತೊಡಿಸಿ ನೀರೆರಚುವ ಕಮ್ಮಾರನೂ ವಿರಳನಾದನು. ಕಡೆಗೀಲನ್ನು ಕಂಡ ಮಕ್ಕಳು ಈಗ ಕಡಿಮೆ. ಗಾಡಿಯಿಲ್ಲದಿದ್ದರೂ ಆ ದೃಷ್ಟಾಂತವು ಅರ್ಥವಾಗಬೇಕಾದರೆ ಅಂಗಡಿಯ ನೆನಪು ಬೇಕು. ಆದರೆ ನೆನೆಯುವವನು ಬೆಂಚಿನ ಮೇಲಿನಿಂದ ಮಾತ್ರ ನೆನೆಯದೆ, ಮೆಟ್ಟಿಲ ಕೆಳಗೆ ನಿಂತಿದ್ದವನನ್ನೂ ಕರೆದು ಕೇಳಿ, ಇಬ್ಬರ ಮಾತನ್ನೂ ಒಂದೇ ತಕ್ಕಡಿಯಲ್ಲಿಡಬೇಕು.

ಕೆಲವು ಪೇಟೆಗಳಲ್ಲಿ ಅಂಥ ಅಂಗಡಿಗಳು ಈಗಲೂ ಒಂದೆರಡು ಉಳಿದಿವೆ. ಯಜಮಾನನ ಮೊಮ್ಮಗ ಗಾದಿಯ ಬದಲು ಕುರ್ಚಿಯ ಮೇಲೆ ಕುಳಿತಿರುವನು. ರಸ್ತೆಯನ್ನು ಎತ್ತರಿಸಿದುದರಿಂದ ಮೂರು ಮೆಟ್ಟಿಲುಗಳಲ್ಲಿ ಎರಡು ಮಣ್ಣಿನಲ್ಲಿ ಹೂತುಹೋಗಿವೆ. ಯಾರ ಮಗನೆಂದು ಯಾರೂ ವಿಚಾರಿಸದ ಒಬ್ಬ ಹುಡುಗನು ತುಕ್ಕು ಹಿಡಿದ ಬೋಲ್ಟೊಂದನ್ನು ತಂದು ಮೇಜಿನ ಮೇಲಿಡುವನು. ಅಂಗಡಿಯಾತನು ಕನ್ನಡಕವನ್ನು ಹಣೆಗೇರಿಸಿ, ಖಾನೆಯಿಂದ ನಾಲ್ಕು ನಟ್ಟುಗಳನ್ನು ತೆಗೆದು ಒಂದೊಂದಾಗಿ ತಿರುಗಿಸಿ ನೋಡುವನು. ನಾಲ್ಕೂ ಕೂಡುವುದಿಲ್ಲ. ಐದನೆಯದು ಹಿಡಿಯುತ್ತದೆ. “ಯಾತಕ್ಕಪ್ಪಾ ಇದು?” ಎಂದು ಕೇಳುವನು.