ಮೂಗುದಾರ

ಹರ್ತಿಯ ಶಾಲೆಯಲ್ಲಿ ನಾನು ಪಾಟಿಯ ಮೇಲೆ ತೆಗೆದ ಮೊದಲ ಕರಡಿಗೆ ಮೂಗುದಾರವಿತ್ತು. "ಇದ್ಯಾಕೋ ದಾರ?" ಅಂದರು ಮಾಸ್ತರರು. "ಕರಡಿಗೆ ಇರತೈತ್ರಿ" ಅಂದೆ.

ನಾನು ಸುಳ್ಳು ಹೇಳಿರಲಿಲ್ಲ. ಎರಿಹೊಲದ ನಮ್ಮೂರಿಗೆ ಕರಡಿ ಬರುತ್ತಿದ್ದದ್ದು ಅದನ್ನು ಕುಣಿಸುವ ಖಲಂದರನ ಕೋಲಿನ ಹಿಂದೆ. ಅಂಜುಬುರುಕ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸಿದರೆ ಅಂಜಿಕೆ ಬಿಟ್ಟುಹೋಗುತ್ತದೆಂದು ತಾಯಂದಿರು ನಂಬಿದ್ದರು. ಅದರ ಕೂದಲು ತಾಯಿತಕ್ಕೆ ಸೇರುತ್ತಿತ್ತು. ನನ್ನನ್ನೂ ಕೂರಿಸಿದರು. ಕರಡಿಯ ಅಂಜಿಕೆಯನ್ನು ಮಾತ್ರ ಯಾರೂ ಕೇಳಲಿಲ್ಲ. ತಾಯಿಯಿಂದ ಕಿತ್ತುತಂದ ಮರಿಯ ಮೂತಿಯನ್ನು ಕಾದ ಕಬ್ಬಿಣದಿಂದ ಚುಚ್ಚಿ ಹಗ್ಗ ಪೋಣಿಸುತ್ತಾರೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅರೆನೋಟದ ತಪ್ಪು ಪಂಡಿತರಿಂದಲೂ ಆಗಿದೆ. 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ವಿಜ್ಞಾನಿ ನಮ್ಮ ಕರಡಿಯನ್ನು ಚಿತ್ರಸಮೇತ ಪರಿಚಯಿಸಿದ. ಉದ್ದ ಉಗುರು ಕಂಡ, ಮುಂದೆ ಹಲ್ಲಿಲ್ಲದ್ದು ಕಂಡ. ಇದು ಅಮೆರಿಕದ ಮರಗಳಲ್ಲಿ ನೇತಾಡುವ ಸ್ಲಾತ್ ಎಂಬ ಸೋಮಾರಿ ಪ್ರಾಣಿಯ ಬಳಗವೆಂದು ಬಗೆದ. ಆ ತಪ್ಪು ಬೇಗನೆ ತಿದ್ದಿಹೋಯಿತು, ಆದರೆ ಇಂಗ್ಲಿಷಿನಲ್ಲಿ ಅದಿನ್ನೂ 'ಸ್ಲಾತ್ ಬೇರ್'. ಆ ಉಗುರು ಹುತ್ತ ಅಗೆಯಲಿಕ್ಕೆ, ಹಲ್ಲಿಲ್ಲದ ಸಂದು ಗೆದ್ದಲು ಹೀರಲಿಕ್ಕೆ. ರಾತ್ರಿಯೆಲ್ಲ ದುಡಿಯುವ ಜೀವಕ್ಕೆ ಸೋಮಾರಿಯೆಂಬ ಹೆಸರು!

ಹಗ್ಗವಿಲ್ಲದ ಕರಡಿಯನ್ನು ನಾನು ಕಂಡದ್ದು ಹಂಪಿಯ ಹತ್ತಿರದ ದರೋಜಿಯಲ್ಲಿ. 1994ರಲ್ಲಿ ಕರಡಿಧಾಮವಾದ ಜಾಗ ಅದು. ಇಳಿಹೊತ್ತು ಬಂಡೆಗಳ ಸಂದಿಯಿಂದ ಒಂದು ತಾಯಿ ಹೊರಬಂತು, ಬೆನ್ನ ಮೇಲೆ ಮರಿ. ತಾಯಿಯ ಒರಟು ಕೂದಲು ಹಿಡಿದು ಕುಳಿತ ಆ ಮರಿಯನ್ನು ಕಂಡಾಗ ಮೈ ಕುಗ್ಗಿತು. ಆ ಬೆನ್ನು ಯಾರಿಗಾಗಿ ಇತ್ತೆಂಬುದು ಆಗ ತಿಳಿಯಿತು.

ಹಾಳೆ ತೆಗೆದು ಗೀಚತೊಡಗಿದೆ. ಎದೆಯ ಬಿಳಿ ಪಟ್ಟಿ, ನೆಲಕ್ಕೆ ಬಾಗಿದ ಮೂತಿ, ಒಳಮುಖವಾಗಿ ಊರುವ ಹೆಜ್ಜೆ. ಒಂದೊಂದು ಗೆರೆಯೂ 'ಇನ್ನೊಮ್ಮೆ ನೋಡು' ಎನ್ನುತ್ತಿತ್ತು. ಮೂಗಿನ ಹತ್ತಿರ ಬಂದಾಗ ಪೆನ್ಸಿಲ್ ತಾನೇ ನಿಂತಿತು. ಐದು ದಶಕದ ರೂಢಿ ಬೆರಳಲ್ಲಿ ಇನ್ನೂ ಕುಳಿತಿತ್ತು.

ಚಿತ್ರದಿಂದ ಕಾಡು ಉಳಿದೀತೇ? ಕರಡಿ ಕುಣಿಸುವುದನ್ನು ನಿಲ್ಲಿಸಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಖಲಂದರರಿಗೆ ಬೇರೆ ಬದುಕು ಹುಡುಕಿಕೊಟ್ಟವರ ದುಡಿಮೆ. ಹಗ್ಗದ ಒಂದು ತುದಿಗೆ ಕರಡಿಯಿದ್ದರೆ ಇನ್ನೊಂದು ತುದಿಗೆ ಹಸಿವಿತ್ತು. ಎರಡನ್ನೂ ಬಿಚ್ಚಬೇಕಿತ್ತು. 2009ರಲ್ಲಿ ಕೊನೆಯ ಕುಣಿತದ ಕರಡಿಯೆಂದು ಹೇಳಲಾದ ರಾಜು ಬನ್ನೇರುಘಟ್ಟ ಸೇರಿತು. ನಮ್ಮ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾದದ್ದರ ಹಿಂದೆಯೂ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರೊಡನೆ 2017ರಲ್ಲಿ ಅದನ್ನು ಉಳಿಸಲು ಗದುಗಿನ ಬಿಸಿಲಲ್ಲಿ ಧರಣಿ ಕೂತ ಜನರಿದ್ದಾರೆ. ಚಿತ್ರದ ಕೆಲಸ ಅದಕ್ಕಿಂತ ಮೊದಲಿನದು. ಗುಡ್ಡದ ತೋಳವನ್ನೋ ಕತ್ತೆಕಿರುಬವನ್ನೋ ಒಮ್ಮೆ ನೆಟ್ಟ ಕಣ್ಣಿಂದ ನೋಡಿ ತಿದ್ದಿದ ಹುಡುಗಿ, ನಾಳೆ ಆ ಗುಡ್ಡಕ್ಕೆ ಕುತ್ತು ಬಂದರೆ ಸುಮ್ಮನೆ ಕೂರಲಾರಳು.

ಮೊನ್ನೆ ಮೊಮ್ಮಗ ಕರಡಿ ತೆಗೆದು ತಂದ. ಮೂಗನ್ನೇ ಮೊದಲು ನೋಡಿದೆ. ದಾರವಿರಲಿಲ್ಲ. "ಛಲೋ ಬಿಡಿಸೀಯಪ್ಪಾ" ಅಂದೆ. ನಮ್ಮ ಮಾತಿನಲ್ಲಿ ಚಿತ್ರ ಬಿಡಿಸುವುದಕ್ಕೂ ಕಟ್ಟು ಬಿಡಿಸುವುದಕ್ಕೂ ಒಂದೇ ಪದವೆಂಬುದು ಅಂದ ಮೇಲೆ ಹೊಳೆಯಿತು.